ಅವನು ಎದ್ದು ನಿಲ್ಲದ ದಿನ

"ನಿಮ್ಮ ರಕ್ತ ನಮಗ ಬ್ಯಾಡ್ರಿ. ಎದ್ದೇಳ್ರಿ."

ಸಾಲಿನಲ್ಲಿ ನಿಂತಿದ್ದವರೆಲ್ಲ ತಿರುಗಿ ನೋಡಿದರು.

ಅಥಣಿಯ ಸಂಜೀವನ ಸೇವಾ ಕ್ಲಬ್ಬಿನವರು ಸ್ವಾತಂತ್ರ್ಯ ದಿನಕ್ಕೆ ಇಟ್ಟುಕೊಂಡಿದ್ದ ರಕ್ತದಾನ ಶಿಬಿರ ಅದು. ಅಂಗಿಯ ತೋಳು ಮಡಚಿ ಮಂಚದ ಮೇಲೆ ಮಲಗಿದ್ದವನು ಕ್ಲಬ್ಬಿನ ಸೆಕ್ರೆಟರಿ ಸಂಗ್ರಾಮ. ದನದ ದವಾಖಾನೆಯಲ್ಲಿ ನೌಕರಿ. ಸುತ್ತಲಿನ ಹಳ್ಳಿಯವರಿಗೆ ಅವನು 'ದನದ ಡಾಕ್ಟರ'. ಅವನನ್ನು ಎಬ್ಬಿಸುತ್ತಿದ್ದವಳು ಲ್ಯಾಬಿನಿಂದ ಬಂದಿದ್ದ ಉಜ್ವಲಾ.

"ನನ್ನ ರಕ್ತಕ್ಕೇನಾಗೇತ್ರಿ ಮೇಡಂ?"

"ನಿನ್ನೆ ಜ್ವರ ಬಂದು ಗುಳಿಗಿ ತಗೊಂಡೀನಿ ಅಂತ ಫಾರ್ಮಿನ್ಯಾಗ ನೀವ ಬರದೀರಿ."

ಅವನು ದನಿ ತಗ್ಗಿಸಿದ. "ಸೆಕ್ರೆಟರೀನ ರಕ್ತ ಕೊಡಲಿಲ್ಲ ಅಂದ್ರ ಮಂದಿ ಏನಂದಾರು?"

"ಮಂದಿ ಸಲುವಾಗಿ ರಕ್ತ ತಗೊಳ್ಳಾಂಗಿಲ್ರಿ. ಯಾರಿಗೆ ಏರಸ್ತೀವಿ, ಅವರ ಸಲುವಾಗಿ ತಗೋತೀವಿ."

ಸಿಟ್ಟು ಮಾಡಿಕೊಂಡು ಹೊರಟೇ ಹೋಗುತ್ತಾನೆ ಅಂದುಕೊಂಡಳು ಉಜ್ವಲಾ. ಹೋಗಲಿಲ್ಲ. ಸೊಂಟಕ್ಕೆ ಟವೆಲ್ ಸುತ್ತಿಕೊಂಡು, ಸಂಜೆಯ ತನಕ ರಕ್ತ ಕೊಟ್ಟವರಿಗೆಲ್ಲ ಚಹಾ ಬಿಸ್ಕೀಟು ಹಂಚಿದ. ಕೊನೆಗೆ ಒಂದು ಕಪ್ಪು ಅವಳ ಮುಂದೆಯೂ ಇಟ್ಟ.

"ನಿಮ್ಮಂಥಾವ್ರು ನಮ್ಮ ಕ್ಲಬ್ಬಿನ್ಯಾಗ ಬೇಕ್ರಿ ಮೇಡಂ."

ಹಾಗೆ ಅವಳು ಆ ಕ್ಲಬ್ಬಿಗೆ ಸೇರಿದಳು.

ಕೊಕಟನೂರಿನ ಕಣ್ಣಿನ ಶಿಬಿರದಲ್ಲಿ, ಪಟ್ಟಿ ಕಟ್ಟಿಸಿಕೊಂಡ ಮುದುಕಿಯರ ಕೈ ಹಿಡಿದು ಅವನು ಒಬ್ಬೊಬ್ಬರನ್ನೇ ಟಂಟಂ ಗಾಡಿ ಹತ್ತಿಸುವುದನ್ನು ಅವಳು ನೋಡಿದಳು. ರಾಯಬಾಗದ ಕಡೆ ಒಂದು ಗುಡಿಸಲು ಸುಟ್ಟಾಗ ಪಾತ್ರೆ, ಹಾಸಿಗೆ ಹೊತ್ತು ಇಬ್ಬರೂ ಹೋದರು. ಗಣಪತಿ ಹಬ್ಬದಲ್ಲಿ ಐದು ದಿನವೂ ಪ್ರಸಾದಕ್ಕೆ ಒಂದೇ ಒಲೆಯ ಮುಂದೆ ನಿಂತರು. ಹೊಗೆಯಿಂದ ಕಣ್ಣಲ್ಲಿ ನೀರು ಬಂದರೆ ಇಬ್ಬರೂ ನಗುತ್ತಿದ್ದರು.

ಇವನ ಜೊತೆ ಇದ್ದರೆ ಎದೆ ಯಾಕಿಷ್ಟು ಹಗುರ... ಉಜ್ವಲಾ ತನ್ನನ್ನೇ ಕೇಳಿಕೊಳ್ಳುತ್ತಿದ್ದಳು.

ದಸರೆಯ ಸಂಜೆ ಅವನು ಬನ್ನಿ ಎಲೆ ಹಿಡಿದು ಬಂದ. "ಬಂಗಾರ ತಗೊಂಡು ಬಂಗಾರದಂಗ ಇರೂಣ್ರಿ" ಅಂದ. ಕೊಟ್ಟ ಮೇಲೂ ಅವಳ ಕೈ ಬಿಡಲಿಲ್ಲ.

"ಉಜ್ವಲಾ, ನಮ್ಮವ್ವನ್ನ ನಿಮ್ಮನಿಗೆ ಕಳಿಸ್ಲೇನು?"

ಅವಳು ತಲೆ ತಗ್ಗಿಸಿದಳು. "ಮೊದ್ಲ ಒಂದು ಮಾತು ಹೇಳೂದೈತ್ರಿ. ಯಾರಿಗೂ ಹೇಳಿಲ್ಲ."

ಐದು ವರ್ಷದ ಹಿಂದೆ ಕೃಷ್ಣೆ ಉಕ್ಕಿದಾಗ ಯಡೂರಿನ ಹೊಳೆದಂಡೆಯ ಅವರ ಮನೆ ಮುಳುಗಿತ್ತು. ತಾಯಿ ತಾರವ್ವನ ಜೊತೆ ಅವಳು ಶಾಲೆಯೊಂದರಲ್ಲಿದ್ದಳು. ಎಮ್ಮೆಗಳ ಹಗ್ಗ ಬಿಚ್ಚಿ ಬರುತ್ತೇನೆಂದು ಹೋದ ಅಪ್ಪ ಲಗಮಣ್ಣ ಇನ್ನೂ ಬಂದಿರಲಿಲ್ಲ. ಆಗ ಇದೇ ಕ್ಲಬ್ಬಿನವರು ಸೀರೆ ಹಂಚಲು ಬಂದರು. ತಾಯಿಗೆಂದು ಅವಳು ಸಾಲಿನಲ್ಲಿ ನಿಂತಳು.

"ಫೋಟೋ ತಗಿಯಾವ 'ಸ್ವಲ್ಪ ನಗವ್ವಾ' ಅಂದ. ಕೊಟ್ಟವ್ರಿಗೆ ಬ್ಯಾಸರ ಆಗಬಾರದಂತ ನಾ ನಕ್ಕೆ... ಮರುದಿನ ಅಪ್ಪನ ಹೆಣ ಸಿಕ್ತು. ನಾ ನಗೂ ಹೊತ್ತಿನ್ಯಾಗ ಅಪ್ಪ ನೀರಾಗ ಇದ್ದನ್ರಿ."

ಸಂಗ್ರಾಮ ಅವಳ ಕೈಯನ್ನು ಎರಡೂ ಕೈಯಲ್ಲಿ ಹಿಡಿದ. ಆಮೇಲೆ, "ಈ ಮಾತು ನನ್ನ ಹತ್ರಾನ ಇರ್ತೈತಿ" ಅಂದ.

ಅವಳು ನಂಬಿದಳು.

ದೀಪಾವಳಿ ಪಾಡ್ಯದಂದು ಕ್ಲಬ್ಬಿನ ಸ್ನೇಹಕೂಟ. ಉಜ್ವಲಾ ಮೊದಲ ಸಲ ತಾಯಿಯನ್ನು ಕರೆದುಕೊಂಡು ಬಂದಿದ್ದಳು. ತಾರವ್ವ ಹೊಸ ಇಳಕಲ್ ಸೀರೆಯುಟ್ಟು ಮುಂದಿನ ಸಾಲಿನಲ್ಲಿ ಕೂತಿದ್ದಳು. ವೇದಿಕೆಯ ಮೇಲೆ ನಿಪ್ಪಾಣಿಯಿಂದ ಬಂದ ಅತಿಥಿಗಳು, ಕ್ಲಬ್ಬಿನ ಅಧ್ಯಕ್ಷ ಬಾಪುಸಾಹೇಬ, ಪಕ್ಕದಲ್ಲಿ ಸಂಗ್ರಾಮ.

"ಇವತ್ತ ನಿಮಗೆಲ್ಲಾ ಒಂದು ವಿಶೇಷ ತೋರಸ್ತೀನಿ" ಎಂದು ಬಾಪುಸಾಹೇಬರು ಪರದೆ ಎಳೆದರು.

ಗೋಡೆಯಷ್ಟು ದೊಡ್ಡ ಬ್ಯಾನರ್. ಒಂದು ಕಡೆ ಬಿಳಿ ಕೋಟಿನ ಇಂದಿನ ಉಜ್ವಲಾ. ಇನ್ನೊಂದು ಕಡೆ, ಕೆದರಿದ ಕೂದಲು, ಕೈಯಲ್ಲಿ ಮಡಚಿದ ಸೀರೆ, ಹತ್ತೊಂಬತ್ತರ ಹುಡುಗಿ. ನಗುತ್ತಿದ್ದಳು. ಕೆಳಗೆ ಬರೆದಿತ್ತು: 'ಅಂದು ನಮ್ಮ ನೆರವು ಪಡೆದವಳು, ಇಂದು ನಮ್ಮ ಸದಸ್ಯೆ.'

ಸಭೆ ಚಪ್ಪಾಳೆ ತಟ್ಟಿತು.

ತಾರವ್ವ ಮಗಳ ಕೈ ಹಿಡಿದಳು. "ಉಜ್ಜೀ... ಇದು ಆ ದಿನದ್ದೇನ ಬೇ?"

ಉಜ್ವಲಾ ಸಂಗ್ರಾಮನನ್ನೇ ನೋಡುತ್ತಿದ್ದಳು. ಅವನ ಮುಖ ಬಿಳಿಚಿಕೊಂಡಿತ್ತು.

ಎದ್ದು ನಿಲ್ಲು. ಏನೂ ಹೇಳಬೇಡ, ಸುಮ್ಮನೆ ಎದ್ದು ಆ ಪರದೆ ಎಳೆದುಬಿಡು... ಅವಳ ಕಣ್ಣು ಬೇಡುತ್ತಿತ್ತು.

ಸಂಗ್ರಾಮ ಅತಿಥಿಗಳನ್ನು ನೋಡಿದ. ಅಧ್ಯಕ್ಷರನ್ನು ನೋಡಿದ. ಎಲ್ಲರ ಕೈಗಳೂ ತಟ್ಟುತ್ತಿದ್ದವು. ಅವನ ಕೈಗಳೂ ಮೇಲೆದ್ದವು. ಒಂದು ಸಲ, ಇನ್ನೊಂದು ಸಲ... ಚಪ್ಪಾಳೆ.

ಉಜ್ವಲಾ ತಾಯಿಯನ್ನು ಎಬ್ಬಿಸಿಕೊಂಡು ಹೊರನಡೆದಳು.

ಮರುದಿನ ಬೆಳಿಗ್ಗೆ ಲ್ಯಾಬ್ ತೆರೆಯುವ ಮೊದಲೇ ಅವನು ಮೆಟ್ಟಿಲ ಮೇಲೆ ಕೂತಿದ್ದ.

"ಬ್ಯಾನರ್ ನಾ ಮಾಡ್ಸಿಲ್ಲ ಉಜ್ವಲಾ. ನಿನ್ನ ಉಪಾಧ್ಯಕ್ಷಿ ಮಾಡ್ರಿ ಅಂತ ಬಾಪುಸಾಹೇಬರ ಮುಂದ ವಾದ ಮಾಡೂವಾಗ, 'ಆಕಿನೂ ಆ ಸಾಲ್ಯಾಗ ಇದ್ದಾಕಿ, ಕಷ್ಟ ಗೊತ್ತಿದ್ದಾಕಿ' ಅಂದೆ. ಅಭಿಮಾನಕ್ಕ ಅಂದೆ. ಅಪ್ಪನ ಮಾತು ಹೇಳಿಲ್ಲ. ಹಳೇ ಫೋಟೋ ಹುಡುಕಿ ತಗೀತಾರಂತ..."

"ಹೇಳಿದ್ದನ್ನ ಹೆಂಗರ ನುಂಗತಿದ್ದೆ ನಾನು." ಅವಳ ದನಿ ತಣ್ಣಗಿತ್ತು. "ಪರದೆ ಸರದ ಮ್ಯಾಲೆ ನೀವೇನ್ ಮಾಡಿದ್ರಿ?"

ಅವನು ತಲೆ ತಗ್ಗಿಸಿದ.

"ಆ ನಗಿ ಎಂಥಾದ್ದಂತ ಆ ಮಂದ್ಯಾಗ ನಿಮ್ಮೊಬ್ಬರಿಗೆ ಗೊತ್ತಿತ್ತು. ಉಳದವ್ರು ತಿಳೀದ ಹೊಡದ್ರು. ನೀವು ತಿಳದೂ ಚಪ್ಪಾಳಿ ಹೊಡದ್ರಿ."

ಬಾಗಿಲು ತೆರೆದು ಒಳಗೆ ಹೋದಳು. ಆ ದಿನ ಎಷ್ಟು ಜನರ ರಕ್ತ ತೆಗೆದಳೋ, ಸೂಜಿ ಹಿಡಿದ ಕೈ ಅಲುಗಲಿಲ್ಲ. ಮನೆಗೆ ಬಂದು ಕೈ ತೊಳೆಯುವಾಗ ಮಾತ್ರ ಅಳು ಉಕ್ಕಿತು.

ಮೋಸ ಮಾಡುವವರ ಮುಖ ಬೇರೆ ಇರುತ್ತದೆ ಅಂದುಕೊಂಡಿದ್ದೆ. ಇಷ್ಟು ಒಳ್ಳೆಯ ಮುಖವೂ ಇರುತ್ತದಾ...

ಕ್ಲಬ್ಬಿಗೆ ರಾಜೀನಾಮೆ ಕಳಿಸಿದಳು. ಅವನು ಇದ್ದ ರಸ್ತೆಯಲ್ಲಿ ನಡೆಯುವುದನ್ನೂ ಬಿಟ್ಟಳು.

ಸಂಕ್ರಾಂತಿಗೆ ಅವನು ಕುಸುರೆಳ್ಳು ತಂದು ಬಾಗಿಲಲ್ಲಿ ನಿಂತ. ತಾರವ್ವ ಕೈ ಚಾಚಿ ತೆಗೆದುಕೊಂಡಳು. ಉಜ್ವಲಾ ಒಳಗಿನಿಂದಲೇ ಅಂದಳು:

"ಸಿಹಿ ಮಾತಾಡೂದು ನಿಮಗ ಮೊದ್ಲಿಂದ ಬರ್ತೈತ್ರಿ. ಎಳ್ಳು ಬ್ಯಾಡ."

ಅವನು ಮತ್ತೆ ಬರಲಿಲ್ಲ. ಬಾರದಿದ್ದದ್ದೂ ಅವಳಿಗೆ ನೋಯಿತು. ಅದನ್ನು ಯಾರಿಗೆ ಹೇಳುವುದು?

ಜುಲೈ ಕೊನೆಗೆ ಹೊಳೆ ಮತ್ತೆ ಏರಿತು. ದಂಡೆಯ ಹಳ್ಳಿಗಳ ಜನ ಅಥಣಿ ಬದಿಯ ಶಾಲೆಯೊಂದಕ್ಕೆ ಬಂದರು. ಜ್ವರದ ತಪಾಸಣೆಗೆ ಲ್ಯಾಬಿನವರು ಉಜ್ವಲಾಳನ್ನು ಕಳಿಸಿದರು. ಹಸಿ ಗೋಣಿಚೀಲದ ವಾಸನೆ ಮೂಗಿಗೆ ಬಡಿದಾಗ ಅವಳು ಗೇಟಿನಲ್ಲೇ ನಿಂತುಬಿಟ್ಟಳು. ಗಟ್ಟಿ ಉಸಿರೆಳೆದುಕೊಂಡು ಒಳಗೆ ಹೋದಳು.

ಮೊದಲು ಕೈ ಚಾಚಿದವಳು ಹೊಳೆವ್ವ ಎಂಬ ಮುದುಕಿ. ಹಸಿರು ಸೀರೆಯುಟ್ಟಿದ್ದಳು.

"ಸೀರಿ ಚೊಲೋ ಐತಲ್ಲ ಅಜ್ಜಿ?"

"ನಾನ ಆರಿಸೀನವ್ವ." ಹೊಳೆವ್ವ ಒಂದು ಕೋಣೆ ತೋರಿಸಿದಳು. "ಕ್ಲಬ್ಬಿನವ್ರು ಅಲ್ಲಿ ಸೀರಿ ಹಗ್ಗಕ್ಕ ಹಾಕ್ಯಾರ. ಒಂದ್ ಮನಿ ಮಂದಿ ಒಳಗ ಹೋಗೂದು, ಬಾಗಲಾ ಹಾಕ್ಕೊಳ್ಳೂದು, ಬೇಕಾದ್ದು ತಗೊಂಡು ಬರೂದು. ಸಾಲು ಇಲ್ಲ, ಫೋಟೋ ಇಲ್ಲ."

ಉಜ್ವಲಾ ಆ ಬಾಗಿಲನ್ನೇ ನೋಡಿದಳು. ಅದರ ಪಕ್ಕದ ಕಟ್ಟೆಯ ಮೇಲೆ ಒಬ್ಬರು ಉಳ್ಳಾಗಡ್ಡಿ ಹೆಚ್ಚುತ್ತಿದ್ದರು. ಬಾಪುಸಾಹೇಬರು. ಅವಳನ್ನು ಕಂಡು ಈಳಿಗೆ ಬದಿಗಿಟ್ಟು ಎದ್ದು ನಿಂತರು.

"ತಂಗಿ, ಆ ಫೋಟೋ ಹಾಕ್ಸಿದಾವ ನಾನು. ತಪ್ಪಾತವ್ವ."

ಅವಳು ಕೆಳಗೆ ಬಿದ್ದ ಉಳ್ಳಾಗಡ್ಡಿಯ ಸಿಪ್ಪೆ ನೋಡುತ್ತ ನಿಂತಳು.

"ಯುಗಾದಿ ಸಭಾದಾಗ ಸಂಗ್ರಾಮ ಎಲ್ಲಾರ ಮುಂದ ಎದ್ದು ನಿಂತ. 'ಆವತ್ತ ನಾ ಹೇಡಿ ಆಗಿದ್ದೆ, ಇನ್ನ ಮ್ಯಾಲೆ ನೆರವು ತಗೊಳ್ಳಾವರ ಫೋಟೋ ತಗಿಯಾಕ ಬಿಡಾಂಗಿಲ್ಲ' ಅಂದ. ನನಗ ಸಿಟ್ಟು ಬಂತು. ಸೆಕ್ರೆಟರಿ ಕೆಲಸದಿಂದ ತಗದುಬಿಟ್ಟೆ. ಆದ್ರೂ ದಿನಾ ಬಂದು ಕೆಲಸ ಮಾಡೂದು ಬಿಡಲಿಲ್ಲ. ಈ ಕೋಣಿ ವ್ಯವಸ್ಥಾನೂ ಅವನ ಮಾಡಿದ್ದು." ಅವರು ಬಾಗಿಲ ಕಡೆ ಕೈ ಮಾಡಿದರು. "ಮೊನ್ನೆ ನಮ್ಮ ತ್ವಾಟದ ಮನಿಗೂ ನೀರು ಹೊಕ್ತು. ಉಟ್ಟ ಬಟ್ಟಿಮ್ಯಾಲೆ ಬಂದ್ವಿ. ನಮ್ಮಾಕಿ ಆ ಕೋಣ್ಯಾಗ ಹೋಗಿ ಬಾಗಲಾ ಹಾಕ್ಕೊಂಡು ಅತ್ತಳು. ಆಕಿ ಅಳೂದನ್ನ ಯಾರೂ ನೋಡಲಿಲ್ಲ ತಂಗಿ. ಆವಾಗ ನನಗ ತಿಳೀತು."

ಉಜ್ವಲಾ ಸುತ್ತ ನೋಡಿದಳು. "ಸಂಗ್ರಾಮ ಎಲ್ಲದಾರ್ರಿ?"

ಶಾಲೆಯ ಹಿಂದಿನ ಬಯಲಿನಲ್ಲಿ ಊರಿಂದ ಹೊಡೆದುಕೊಂಡು ಬಂದ ದನಗಳನ್ನು ಕಟ್ಟಿದ್ದರು. ಮೊಣಕಾಲವರೆಗೆ ಕೆಸರು ಮೆತ್ತಿಕೊಂಡು ಸಂಗ್ರಾಮ ಒಂದು ಎಮ್ಮೆಯ ಗೊರಸು ತೊಳೆಯುತ್ತಿದ್ದ. ಅವಳನ್ನು ಕಂಡು ಎದ್ದ. ಸೊರಗಿದ್ದ.

"ಸಭಾದಾಗ ಎದ್ದು ನಿಂತ್ರಂತ. ನನಗ್ಯಾಕ ಹೇಳಲಿಲ್ಲ?"

"ನಿನಗ ಬಂದು ಹೇಳಿದ್ರ, ನಿನ್ನ ಒಲಿಸಾಕ ಮಾಡ್ದಂಗ ಆಗತಿತ್ತು. ನಿಂದ್ರಬೇಕಾದ ದಿನ ನಿಂದರಲಿಲ್ಲ ನಾ. ಅದಕ್ಕ ಏನ್ ಮಾಡಿದ್ರೂ ಸರಿಹೋಗೂದಿಲ್ಲಂತ ಗೊತ್ತೈತಿ."

"ಹೌದ್ರಿ. ಅದನ್ನ ನಾ ಮರ್ತಿಲ್ಲ."

"ಮರೀಬ್ಯಾಡ."

ಅವಳ ಕಣ್ಣು ತುಂಬಿತು. ಎಂಟು ತಿಂಗಳಿಂದ ಒಳಗೆ ಕಟ್ಟಿಕೊಂಡಿದ್ದೆಲ್ಲ ಒಮ್ಮೆಲೇ ಬಂತು.

"ನಿಮ್ಮನ್ನ ಬೈಕೋತ ಇದ್ದೆ. ಬೈಕೋತನ ದಾರಿ ನೋಡತಿದ್ದೆ... ಅದು ಇನ್ನೂ ಸಿಟ್ಟು ಬರಸ್ತೈತಿ ನನಗ."

ಸಂಗ್ರಾಮ ಕೆಸರಿನ ಕೈಯನ್ನು ಹಿಂದಕ್ಕೆ ಹಿಡಿದ, ಅವಳನ್ನು ಮುಟ್ಟಿಬಿಟ್ಟೇನೆಂಬ ಭಯದಲ್ಲಿ. "ನಿನ್ನ ಬಿಟ್ಟು ಮತ್ತೊಬ್ಬರ ವಿಚಾರ ನನಗ ಇಲ್ಲ ಉಜ್ವಲಾ. ನೀ ಬ್ಯಾಡ ಅಂದ್ರ ಬ್ಯಾಡ. ಆದ್ರ ಇದು ಖರೇ."

ಅವಳು ಬಗ್ಗಿ ಬಕೆಟ್ಟಿನ ನೀರನ್ನು ಚೊಂಬಿನಲ್ಲಿ ತೆಗೆದು ಅವನ ಕೈಗಳ ಮೇಲೆ ಹುಯ್ದಳು. ಕೆಸರು ಇಳಿದುಹೋಯಿತು. ಆ ಒದ್ದೆ ಕೈಯನ್ನು ಅವಳೇ ಹಿಡಿದಳು.

"ನಮ್ಮವ್ವನ ಮುಂದ ಮೊದ್ಲ ನೀ ತಪ್ಪೊಪ್ಪಿಕೋಬೇಕು. ಆಮ್ಯಾಲ ಮುಂದಿನ ಮಾತು. ನಾಳೆ ಮನಿಗೆ ಬಾ."

ಅವನು ಅವಳ ಮುಖ ನೋಡಿದ. "ಬಾ ಅಂದಿ?"

"ಯಾಕ, ಬರ್ರಿ ಅನ್ಲೇನು?"

"ಬ್ಯಾಡ" ಅಂದ ಸಂಗ್ರಾಮ, ಒದ್ದೆ ಬೆರಳುಗಳನ್ನು ಮೆಲ್ಲಗೆ ಒತ್ತಿ. "ಬಾ ಅನ್ನು."