ಹದಿನೈದನೆಯ ಉತ್ತರ

ಬೆಳಿಗ್ಗೆ ಎಂಟೂವರೆಗೆ ಯೋಸ್ಟ್ ಕಂಪ್ಯೂಟರ್ ತೆರೆದಾಗ ಲೌರಿಟ್ಸೆನ್ ಸಾಹೇಬರ ಹದಿನೈದು ಉತ್ತರಗಳೂ ಮಾಯವಾಗಿದ್ದವು. ಐದು ದೇಶಗಳ ಜನ ತಮ್ಮನ್ನಾಳುವವರ ಜೊತೆ ಅಂತರ್ಜಾಲದಲ್ಲಿ ನಡೆಸಿದ ಚರ್ಚೆಯನ್ನು ಗೆಂಟ್ ಊರಿನ ಆ ಪುಟ್ಟ ಕಚೇರಿಯಲ್ಲಿ ಕೂತು ಅವನು ಮೂರು ವರ್ಷ ಅಧ್ಯಯನ ಮಾಡಿದ್ದ. ಅಷ್ಟು ದೊಡ್ಡವರಲ್ಲಿ ಮನಸ್ಸಿಟ್ಟು ಉತ್ತರ ಕೊಟ್ಟವರು ಯುರೋಪ್ ಒಕ್ಕೂಟದ ಸಂಸತ್ತಿನಲ್ಲಿದ್ದ ಡೆನ್ಮಾರ್ಕಿನ ಈ ಸಂಸದರೊಬ್ಬರೇ. ಅದೂ ಸ್ಲೊವೇನಿಯಾದ ಮಾರ್ಯೆಟಾಗೆ, ಗೇಟಿಲ್ಲದ ಲೆವೆಲ್ ಕ್ರಾಸಿಂಗ್‌ನಲ್ಲಿ ಮಗನನ್ನು ಕಳೆದುಕೊಂಡ ತಾಯಿಗೆ. ಚಳಿಗಾಲಕ್ಕೆ ಮುಂಚೆ ಅಲ್ಲಿ ಗೇಟು ಬರುತ್ತದೆಂದು ಹದಿನೈದನೆಯ ಉತ್ತರದಲ್ಲಿ ಮಾತು ಕೊಟ್ಟಿದ್ದರು. ಹನ್ನೊಂದಕ್ಕೆ ಮುಕ್ತಾಯದ ಸಭೆ. ಇಬ್ಬರೂ ಬರುವವರಿದ್ದರು.

ಯೋಸ್ಟ್ ಕೆಳಗಿನ ಮನೆಗೆ ಓಡಿದ. ಅಲ್ಲಿ ಗೋಡೆಲೀವ್ ಅಜ್ಜಿ ಇದ್ದಳು. ನಲವತ್ತು ವರ್ಷ ಕೋರ್ಟಿನಲ್ಲಿ ಗುಮಾಸ್ತೆಯಾಗಿದ್ದವಳು. ಆ ಕಟ್ಟಡದಲ್ಲಿ ಏನೇ ಕಳೆದರೂ ಎಲ್ಲರೂ ಹೋಗುತ್ತಿದ್ದದ್ದು ಅವಳ ಹತ್ತಿರವೇ.

"ಅಜ್ಜೀ, ಇದು ಆ ಸಾಹೇಬನದೇ ಕೆಲ್ಸ. ಕೊಟ್ಟ ಮಾತು ನುಂಗೋಕೆ ಎಲ್ಲಾ ಅಳಿಸಿದ್ದಾನೆ!"

"ಮೊದ್ಲು ಕೂತ್ಕೋ ಮಾರಾಯ. ಸಾಹೇಬರ ಖಾತೆ ಪಾಸ್‌ವರ್ಡು ಯಾರ್ಯಾರ ಹತ್ರ ಇದೆ?"

"ನನ್ನ ಹತ್ರ, ಅನುವಾದ ಮಾಡೋ ವೆಸ್ನಾ ಹತ್ರ, ಆಮೇಲೆ ಸಾಹೇಬರ ಕಚೇರೀಲಿ."

ಕಚೇರಿ ತೆರೆಯುವ ಮುಂಚೆಯೇ ಬಂದಿದ್ದ ಮಾರ್ಯೆಟಾ ಆಗಲೇ ಅಜ್ಜಿಯ ಅಡುಗೆಮನೆಯಲ್ಲಿ, ಕೆಂಪು ಬಟ್ಟೆ ಹಾಸಿದ ಮೇಜಿನ ಮುಂದೆ ಕೂತಿದ್ದಳು. ಉತ್ತರಗಳನ್ನೆಲ್ಲ ಕಾಗದಕ್ಕಿಳಿಸಿ ದಾರ ಕಟ್ಟಿ ತಂದಿದ್ದಳು. ಅಜ್ಜಿ ಅವಳೊಡನೆ ಜರ್ಮನ್ನಿನಲ್ಲಿ ಮಾತಾಡಿ ಯೋಸ್ಟ್ ಕಡೆ ತಿರುಗಿದಳು.

"ಸಾಹೇಬರು ಪುಣ್ಯಾತ್ಮ ಅಂತಾಳೆ ಕಣೋ. ಮಗನ ಹಳದಿ ಕೈಗವಸಿನ ಬಗ್ಗೆ ಕೂಡ ಬರೆದಿದ್ರಂತೆ. ಇವಳು ದಿನಾ ಕೆಂಪು ಬಾವುಟ ಹಿಡ್ಕೊಂಡು ಶಾಲೆ ಮಕ್ಕಳನ್ನ ಹಳಿ ದಾಟಿಸ್ತಿದ್ಳಂತೆ. ಗೇಟು ಬರುತ್ತೆ ಅಂತ ಗೊತ್ತಾದ್ಮೇಲೆ ನಿಲ್ಲಿಸಿದ್ದಾಳೆ." ಅಜ್ಜಿ ಕನ್ನಡಕ ಹಾಕಿಕೊಂಡಳು. "ಇವಳ ಪತ್ರಗಳು ಸಾಹೇಬರಿಗೆ ಹೋದದ್ದು ಹೇಗೋ ಹಾಗೇ ತಂದು ತೋರಿಸು."

ಯೋಸ್ಟ್ ತಂದುಕೊಟ್ಟ. ಬರೆದವರ ಗುರುತು ಸಿಗುವ ವಿವರಗಳ ಮೇಲೆಲ್ಲ, ನಿಯಮದಂತೆ, ಕಪ್ಪು ಪಟ್ಟಿ ಎಳೆದಿತ್ತು. ನೋಡುತ್ತಾ ನೋಡುತ್ತಾ ಅಜ್ಜಿಯ ಮುಖ ಬಾಡಿತು. "ಎಲ್ಲರನ್ನೂ ಇಲ್ಲಿಗೇ ಕರಿ," ಎಂದಳು.

ಹತ್ತೂವರೆಗೆ ಲೌರಿಟ್ಸೆನ್, ವೆಸ್ನಾ ಇಬ್ಬರೂ ಬಂದರು. ಎಲ್ಲರಿಗೂ ತಿಳಿಯಲೆಂದು ಅಜ್ಜಿ ಜರ್ಮನ್ನಿನಲ್ಲೇ ಹೇಳಿದಳು.

"ಆ ಕೈಗವಸಿನ ಚಿತ್ರ ಇವಳ ಊರಿನ ಪತ್ರಿಕೇಲಿ ಬಂದಿತ್ತು. ಗುರುತು ಸಿಗುತ್ತೆ ಅಂತ ಪತ್ರದಲ್ಲಿ ಅದರ ಮೇಲೂ ಪಟ್ಟಿ ಎಳೆದ್ರು. ಅಂದ್ಮೇಲೆ ಸಾಹೇಬರಿಗೆ ಕಂಡದ್ದು ಬರೀ ಕಪ್ಪು ಪಟ್ಟಿ. ಯೋಸ್ಟ್‌ಗೆ ಸ್ಲೊವೇನಿಯಾದ ಭಾಷೆ ಬರಲ್ಲ. ಆ ಹಳದಿ ಬಣ್ಣ ಗೊತ್ತಿದ್ದದ್ದು ಪತ್ರ ಓದಿ, ಅನುವಾದ ಮಾಡಿ, ಪಟ್ಟಿ ಎಳೆದವಳೊಬ್ಬಳಿಗೇ. ಉತ್ತರ ಬರೆದವಳೂ ಅವಳೇ. ಸಾಹೇಬರು ಇವತ್ತು ಬರ್ತಾರೆ ಅಂತ ಹೆದರಿ ಎಲ್ಲಾ ಅಳಿಸಿದವಳೂ ಅವಳೇ. ಹೌದಾ, ವೆಸ್ನಾ?"

"ಯಾವ ಕೈಗವಸು? ಯಾವ ಪತ್ರ?" ಎಂದು ಲೌರಿಟ್ಸೆನ್ ಕೇಳಿದರು. ಅವರು ಸುಳ್ಳು ಹೇಳುತ್ತಿರಲಿಲ್ಲ, ಬಂದ ಪತ್ರಗಳನ್ನು ತೆರೆದೇ ನೋಡಿರಲಿಲ್ಲ.

ವೆಸ್ನಾ ಬಿಕ್ಕಿ ಬಿಕ್ಕಿ ಅತ್ತಳು. "ಎರಡು ತಿಂಗಳು ಕಾದೆ ಅಜ್ಜೀ. ಇವರಿಂದ ಒಂದಕ್ಷರ ಬರಲಿಲ್ಲ. ಹೆತ್ತ ಕರುಳು, ಏನಂತ ಹೇಳ್ಲಿ? ಸಾಹೇಬರ ಹೆಸರಲ್ಲಿ ಒಂದು ಬರೆದೆ. ಆಮೇಲೆ ನಿಲ್ಲಿಸೋಕಾಗ್ಲಿಲ್ಲ. ಇವತ್ತು ಇವಳ ಮುಖಕ್ಕೇ 'ನಾನು ಬರ್ದಿಲ್ಲ' ಅಂದ್ಬಿಡ್ತಾರೆ ಅಂತ ಅಳಿಸಿದೆ."

ಮಾರ್ಯೆಟಾ ಬೈಯಲಿಲ್ಲ. ಕೈಯಲ್ಲಿದ್ದ ಕಟ್ಟನ್ನು ಮೇಜಿನ ಮೇಲಿಟ್ಟಳು.

"ಹಾಗಾದ್ರೆ ಗೇಟು ಬರಲ್ವಾ?"

ವೆಸ್ನಾ ಇಲ್ಲವೆಂದು ತಲೆಯಲ್ಲಾಡಿಸಿದಳು. ಲೌರಿಟ್ಸೆನ್ ನೆಲ ನೋಡುತ್ತಿದ್ದರು. ಮಾರ್ಯೆಟಾ ಎದ್ದು ಕೋಟು ಹಾಕಿಕೊಂಡಳು.

"ನಾಳೆ ಶಾಲೆ ಇದೆ. ಬೆಳಿಗ್ಗೆ ಏಳೂವರೆ ರೈಲು ಬರೋಕೆ ಮುಂಚೆ ನಾನು ಆ ಕ್ರಾಸಿಂಗ್‌ನಲ್ಲಿರ್ಬೇಕು. ಆದ್ರೆ ಬಾವುಟಾನ ಒಲೆಗೆ ಹಾಕ್ಬಿಟ್ಟೆನಲ್ಲಾ, ಇನ್ಯಾಕೆ ಅಂತ..."

ಅಜ್ಜಿ ಮೇಜಿನ ಮೇಲಿದ್ದ ಬಟ್ಟಲುಗಳನ್ನೂ ಆ ಹದಿನೈದು ಉತ್ತರಗಳನ್ನೂ ಪಕ್ಕಕ್ಕಿಟ್ಟಳು. ಕೆಂಪು ಬಟ್ಟೆಯನ್ನು ಕೊಡವಿ, ಮಡಚಿ, ಮಾರ್ಯೆಟಾಳ ಚೀಲದಲ್ಲಿಟ್ಟಳು. ಯೋಸ್ಟ್ ಆ ಚೀಲ ಹೊತ್ತು ಅವಳನ್ನು ಸ್ಟೇಷನ್ನಿಗೆ ಕರೆದುಕೊಂಡು ಹೋದ.