ಗಿಂಬಾಲ್ ಜಡೆ ಕೇಳಿದ್ದು

"ಆ ಜಡೆ ಕೂಸಿಂದಲ್ಲ ಮಗಾ, ಬೆಟ್ಟದ ದೈವಗಳದು. ಕೂಸೇ ಬಾಯಿಬಿಟ್ಟು ಏನಾದ್ರೂ ಕೇಳಬೇಕು. ಕೇಳಿದ್ದು ಕೊಟ್ಟಮೇಲೇನೇ ಕತ್ತರಿ. ಅಲ್ಲೀವರೆಗೂ ಮುಟ್ಟಬೇಡ," ಎಂದಳು ರುಬಿಯೆಮ್ ಅಜ್ಜಿ.

ಪಂಬುದಿ ನಕ್ಕ. ಆಲೂಗಡ್ಡೆ ವ್ಯಾಪಾರಕ್ಕೆಂದು ಕರಾವಳಿಯ ಪೆಕಲೊಂಗನ್ನಿನಿಂದ ದಿಯೆಂಗ್ ಬೆಟ್ಟ ಹತ್ತಿದವನು, ವಿಧವೆ ಲಸ್ಮಿಯನ್ನು ಮದುವೆಯಾಗಿ ಅವಳ ಮನೆಯಲ್ಲೇ ಉಳಿದುಬಿಟ್ಟಿದ್ದ. ಅವಳ ಮೊದಲ ಗಂಡ ವಿಷಗಾಳಿ ಕೂರುವ ಕಣಿವೆಗೆ ಹುಲ್ಲು ಕೊಯ್ಯಲು ಇಳಿದು ಮೇಲೆ ಬಂದಿರಲಿಲ್ಲ. ಹೆಣ ತರುವ ಧೈರ್ಯವೂ ಯಾರಿಗೂ ಆಗಿರಲಿಲ್ಲ. ಹೀಗೆ ಸತ್ತವನ ತಾಯಿ ರುಬಿಯೆಮ್ ಅಜ್ಜಿಯೂ ಪುಟ್ಟ ಮಗಳು ವೆನಿಂಗಳೂ ಹೆಂಡತಿಯ ಜೊತೆಗೇ ಪಂಬುದಿಯ ಕೊರಳಿಗೆ ಬಿದ್ದಿದ್ದರು. ಮುದುಕಿಯನ್ನಾದರೂ ಸಹಿಸಬಹುದಿತ್ತು. ಹುಡುಗಿಯ ತಲೆ ಮಾತ್ರ ಅವನಿಗೆ ವಾಕರಿಕೆ ತರಿಸುತ್ತಿತ್ತು. ಯಾವಾಗಲೋ ಜ್ವರ ಬಂದು ಬಿಟ್ಟಮೇಲೆ ಕತ್ತಿನ ಹಿಂದೆ ಗಂಟುಗಟ್ಟಿದ ಜಡೆಗಳು. ಊರವರು ಅದನ್ನು ಗಿಂಬಾಲ್ ಎನ್ನುತ್ತಿದ್ದರು. ಒದ್ದೆ ಗೋಣಿಚೀಲದ ವಾಸನೆ ಹೊಡೆಯುತ್ತಿತ್ತು.

"ಹೇನಿನ ಗೂಡಿಗೆ ಇಷ್ಟು ಮರ್ಯಾದೆನಾ ಅಜ್ಜೀ? ಅವಳು ಕೇಳದಿದ್ರೆ?"

"ಕೇಳದೆ ಕತ್ತರಿಸಿದ್ರೆ ಆಸೆ ಉಳ್ಕೊಂಡು ಬೇರೆ ಬಾಯಿ ಹುಡುಕ್ತದೆ. ಯಾವ ಬಾಯಿ ಕೇಳ್ತದೋ ಆ ಮನುಷ್ಯನಿಗೇ ಊರು ಅದನ್ನ ಕೊಡಬೇಕು. ಇಲ್ಲದಿದ್ರೆ ಮನೇಲಿ ಒಂದು ಜೀವ ಹೋಗ್ತದೆ."

"ಅಷ್ಟೇನಾ? ಹಾಗಾದ್ರೆ ಅವಳ ಬದಲು ನಾನೇ ಕೇಳ್ತೀನಿ ಬಿಡಿ."

ಬಾಣಲೆಯ ಮೇಲಿದ್ದ ಅಜ್ಜಿಯ ಕೈ ಅಲ್ಲೇ ನಿಂತಿತು. ಬಾಗಿಲಲ್ಲಿ ಮಂಜು ಒಳಗೆ ಬರಲೋ ಬೇಡವೋ ಎಂಬಂತೆ ನಿಂತಿತ್ತು. "ಆ ಮಾತು ವಾಪಸ್ ತಗೋ," ಎಂದಳು ಮೆಲ್ಲಗೆ. "ಈಗಲೇ ತಗೋ."

ಅವನು ಎಣ್ಣೆ ಸೋರುತ್ತಿದ್ದ ಕರಿದ ಸೋಯಾಕಾಳಿನ ತೆಂಪೆ ತುಂಡೊಂದನ್ನು ಬಾಯಿಗೆ ಹಾಕಿಕೊಂಡು ಎದ್ದ.

ಮೆಟ್ಟಿಲಲ್ಲಿ ಕೂತಿದ್ದ ವೆನಿಂಗ್ ಅವನು ಉಟ್ಟ ಸರೋಂಗಿನ ಅಂಚು ಹಿಡಿದು, "ಅಪ್ಪಾ..." ಎಂದಳು.

ಪಂಬುದಿ ಬಟ್ಟೆ ಕಿತ್ತುಕೊಂಡ. ಬೀದಿಯಲ್ಲಿ ಗೊಬ್ಬರ ಹೊರುತ್ತಿದ್ದವರಿಗೆಲ್ಲ ಕೇಳುವಂತೆ ರೇಗಿದ. "ಯಾರೇ ನಿನ್ನಪ್ಪ? ನಿನ್ನಪ್ಪ ಆ ಕಣಿವೇಲಿ ಬಿದ್ದಿದ್ದಾನೆ. ಅಲ್ಲಿಗೇ ಹೋಗಿ ಕರಿ!"

ಗೊಬ್ಬರ ಹೊರುವವರು ತಲೆ ತಗ್ಗಿಸಿ ಮುಂದೆ ಹೋದರು. ಹುಡುಗಿ ಅಳಲಿಲ್ಲ. ಅವನು ಹೋದ ದಾರಿಯನ್ನೇ ನೋಡುತ್ತ ಕೂತಳು.

ಅವನಿಗೆ ಅವಸರವಿತ್ತು. ಲಸ್ಮಿ ಬಸುರಿ. ತನ್ನ ಮಗು ಹುಟ್ಟುವ ಮನೆಯಲ್ಲಿ ಈ ಕೊಳಕು ಇರಕೂಡದು ಎಂಬುದೊಂದೇ ಅವನ ಯೋಚನೆ. ಮರುದಿನ ಮಧ್ಯಾಹ್ನ ಹೆಂಗಸರಿಬ್ಬರೂ ಮೇಲಿನ ಹೊಲಕ್ಕೆ ಹೋಗಿದ್ದಾಗ, ಒಲೆಯ ಪಕ್ಕ ಮಲಗಿದ್ದ ಹುಡುಗಿಯನ್ನು ಬೋರಲು ಹಾಕಿ, ಚೀಲ ಕತ್ತರಿಸುವ ಕತ್ತರಿ ಹಿಡಿದ. ಮಂಜು ದಟ್ಟವಾಗಿ ಮನೆಯೊಳಗೆ ಸಂಜೆಯಂತಾಗಿತ್ತು. ಜಡೆ ಸುಲಭಕ್ಕೆ ತುಂಡಾಗಲಿಲ್ಲ. ಒಳಗೆ ಬೆಚ್ಚಗಿತ್ತು, ಹಸಿ ಮಾಂಸದ ಹಾಗೆ ಕತ್ತರಿಗೆ ಜಗ್ಗುತ್ತಿತ್ತು. ವೆನಿಂಗ್ ಕಣ್ಣು ಬಿಟ್ಟಳು. ಬಾಯಿ ಪೂರ್ತಿ ತೆರೆದಳು. ದನಿಯೇ ಬರಲಿಲ್ಲ.

ಜಡೆಗಳನ್ನು ಒಲೆಗೆಸೆದ. ಸುಟ್ಟ ಕೂದಲಿನ ವಾಸನೆಯ ಬದಲು ಕಣಿವೆಯ ಗಂಧಕದ ಘಾಟು ಮನೆಯೆಲ್ಲ ತುಂಬಿತು.

ಅಂದಿನಿಂದ ಹುಡುಗಿ ಮೂಕಿಯಾದಳು. ಲಸ್ಮಿ ಎದೆ ಬಡಿದುಕೊಂಡು ಅತ್ತಳು. "ಮನೆ ತಣ್ಣಗಾಯ್ತು ಬಿಡು," ಎಂದ ಪಂಬುದಿ. ಹಾಗೆನ್ನುತ್ತಲೇ ಕತ್ತಿನ ಹಿಂದೆ ಕೆರೆದುಕೊಂಡ. ಬೆರಳಿಗೆ ಏನೋ ಗಂಟು ತಗಲಿತು. ಒದ್ದೆ. ಬೆಚ್ಚಗೆ.

ಬೋಳಿಸಿದ. ಸಂಜೆಯ ಮಗ್ರಿಬ್ ಬಾಂಗಿನ ಹೊತ್ತಿಗೆ ಮತ್ತೆ ಬೆಳೆದಿತ್ತು. ಚರ್ಮದ ಸಮೇತ ಕಿತ್ತ. ರಕ್ತದೊಳಗಿಂದಲೇ ಹೆಣೆದುಕೊಂಡು ಬಂತು. ಜ್ವರ ಏರಿತು. ಜಡೆ ಭುಜ ಮುಟ್ಟಿದ ದಿನ ಲಸ್ಮಿ ಹೊಟ್ಟೆ ಹಿಡಿದುಕೊಂಡು ಬಂದಳು.

"ರೀ... ಕೂಸು ಅಲುಗಾಡ್ತಿಲ್ಲ."

ಆಗ ಹೆದರಿದ. ಅಜ್ಜಿಯ ಕಾಲ ಬಳಿ ಕುಸಿದ. "ಏನ್ ಮಾಡ್ಲಿ?"

"ಕೇಳು," ಎಂದಳು ಅಜ್ಜಿ. "ನೀನೇ ಕೇಳ್ತೀನಿ ಅಂದಿದ್ಯಲ್ಲ."

ವ್ಯಾಪಾರಿ ಬುದ್ಧಿ ಅಷ್ಟು ಬೇಗ ಸಾಯುತ್ತದೆಯೇ? ಒಂದು ತುಂಡು ತೆಂಪೆ ಕೇಳಿದರಾಯಿತು, ಅಗ್ಗದಲ್ಲಿ ಮುಗಿಯಿತು ಎಂದುಕೊಂಡ. ತೆಂಪೆ, ತೆಂಪೆ ಎಂದು ಬಾಯಿಪಾಠ ಮಾಡಿದ.

ಊರು ಅಂಗಳದಲ್ಲಿ ಸೇರಿತು. ಧೂಪ ಹಾಕಿದರು. ಬಿದಿರು ತಟ್ಟೆಯಲ್ಲಿ ಅನ್ನದ ಗೋಪುರ ಇಟ್ಟರು. ಊರ ಹಿರಿಯ ಪಾವಿರೊ ಅಜ್ಜ ಅವನ ಜಡೆ ಎತ್ತಿ ಹಿಡಿದು ಕೇಳಿದ, "ಏನು ಬೇಕಪ್ಪಾ ನಿಂಗೆ?"

ಪಂಬುದಿ ಬಾಯಿ ತೆರೆದ. ತೆಂಪೆ ನಾಲಿಗೆಯ ತುದಿಯಲ್ಲೇ ಇತ್ತು. ಹೊರಬಂದದ್ದು ವೆನಿಂಗಳ ಎಳೆಯ ದನಿ.

"ನಂಗೆ ಅಪ್ಪ ಬೇಕು."

ಲಸ್ಮಿ ಹೊಟ್ಟೆ ಮುಟ್ಟಿಕೊಂಡು, "ಒದೀತು," ಎಂದಳು.

"ಇದು ನಾನಲ್ಲ!" ಪಂಬುದಿ ಕಿರುಚಿದ. "ಅವಳಿಗೆ ಅವಳಪ್ಪ ಬೇಕಂತೆ, ನಾನೇನ್ ಮಾಡ್ಲಿ? ನಾನವಳ ಅಪ್ಪ ಅಲ್ಲ! ಅವಳಪ್ಪ ಆ ಕಣಿವೇಲಿದ್ದಾನೆ!"

"ಹೌದು. ನೀವೇ ಅವತ್ತು ಬೀದೀಲೂ ಹೇಳಿದ್ರಿ," ಎಂದ ನೆರೆಯ ಸಗಿಮಾನ್.

"ಕೇಳಿದ ಬಾಯಿಗೇ ಕೊಡಬೇಕು," ಎಂದ ಪಾವಿರೊ ಅಜ್ಜ. "ನಡೀ ಮಗಾ, ಅಪ್ಪನ ಹತ್ರ."

ಹೊಸ್ತಿಲಲ್ಲಿದ್ದ ವೆನಿಂಗ್ ಎದ್ದು ಎರಡೂ ಕೈ ಅವನತ್ತ ಚಾಚಿದಳು. "ನೋಡಿ, ಕೂಸೂ ಇವನನ್ನೇ ತೋರಿಸ್ತಿದೆ," ಎಂದರು ಹೆಂಗಸರು.

ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಸಗಿಮಾನ್ ತಾನು ಹೊದ್ದಿದ್ದ ಸರೋಂಗನ್ನೇ ಅವನಿಗೆ ಹೊದಿಸಿ, "ಚಳಿ ಅಣ್ಣಾ, ಸರಿಯಾಗಿ ಹೊದ್ಕೊಳ್ಳಿ," ಎಂದ. ಗಟ್ಟಿ ಕೈಗಳು ತೋಳು ಹಿಡಿದವು. "ಲಸ್ಮೀ, ಹೇಳೇ ಇವರಿಗೆ!" ಅವಳು ಹೊಟ್ಟೆಯಿಂದ ಕೈ ತೆಗೆಯಲಿಲ್ಲ. ದಿನಾ ಮಾರುಕಟ್ಟೆಗೆ ಹೊರಟವನಿಗೆ ಹೇಳುವಂತೆ ಹೇಳಿದಳು, "ಹೋಗಿ ಬನ್ನಿ."

ಕಣಿವೆಯ ಅಂಚು. ಹಕ್ಕಿಯ ಸದ್ದಿಲ್ಲ. ಹುಲ್ಲು ಹಳದಿ. ಅಜ್ಜನ ಕತ್ತರಿಗೆ ಜಡೆ ನೂಲಿನಂತೆ ತುಂಡಾಯಿತು. ಕೈಗಳು ಅವನನ್ನು ಬಿಟ್ಟವು. ಓಡಬೇಕೆಂದುಕೊಂಡ. ಕಾಲು ತಾನಾಗಿ ಇಳಿಯಿತು. ಅಂಗೈಯಲ್ಲಿ ಪುಟ್ಟ ಕೈಯೊಂದಿತ್ತು. ಬೆಚ್ಚಗಿತ್ತು. ಎಳೆಯುತ್ತಿತ್ತು. ಪಕ್ಕದಲ್ಲಿ ಯಾರೂ ಇರಲಿಲ್ಲ. ಮಂಜು ಮೊಣಕಾಲಿಗೆ ಬಂತು. ಸೊಂಟಕ್ಕೆ. ಎದೆಗೆ. ಉಸಿರೆಳೆದ. ಗಾಳಿಯಿಲ್ಲ. ಮತ್ತೆಳೆದ. ಹುಲ್ಲಿನ ನಡುವೆ ಯಾರೋ ಬೆನ್ನು ಹಾಕಿ ಕೂತಿದ್ದರು. ಮಡಿಲಲ್ಲಿ ಕುಡುಗೋಲು. ಆ ತಲೆ ತಿರುಗಿತು.

ಮೇಲೆ ನಿಂತವರು ಫಾತಿಹಾ ಓದಿ, ಜಡೆಯನ್ನು ಬೆಟ್ಟದ ಸರೋವರದಲ್ಲಿ ಬಿಟ್ಟು ಮನೆಗೆ ಮರಳಿದರು.

ವೆನಿಂಗಳಿಗೆ ದನಿ ಬಂದಿತ್ತು. ಅಜ್ಜಿ ಅವಳನ್ನು ಬಾಚಿ ತಬ್ಬಿಕೊಂಡಳು.

"ಅಪ್ಪ ಎಲ್ಲಿ ಅಜ್ಜೀ?"

"ನಿನ್ನಪ್ಪನ ಹತ್ರಾನೇ ಕಳಿಸಿ ಬಂದ್ವಿ ಕಂದಾ. ನಿನ್ನಾಸೆ ತೀರಿಸಿದ್ವಿ."

ಮಗು ಗೊಂದಲದಿಂದ ಮುಖ ನೋಡಿತು. "ಸತ್ತ ಅಪ್ಪ ಅಲ್ಲ. ಈ ಅಪ್ಪ. ಇವರನ್ನ ಅಪ್ಪ ಅಂತ ಕರೆದ್ರೆ ಓ ಅನ್ನಬೇಕು ಅಂತ... ಅದನ್ನೇ ಕೇಳೋಣಾಂತಿದ್ದೆ."

ಅಜ್ಜಿಯ ಬೆರಳು ಮೊಮ್ಮಗಳ ಕತ್ತಿನ ಹಿಂದೆ ನಿಂತಿತು. ಅಲ್ಲೊಂದು ಗಂಟು. ಒದ್ದೆ. ಬೆಚ್ಚಗೆ.

ಒಳಗಿನಿಂದ ಲಸ್ಮಿ ಕೂಗಿದಳು. "ಅತ್ತೇ... ಮತ್ತೆ ಅಲುಗಾಡ್ತಿಲ್ಲ."