ಬೆಚ್ಚಗಿನ ತಗ್ಗು

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಪ್ಲೈವುಡ್ ಹಲಗೆಗೆ ಫೋಮ್ ಅಂಟಿಸಿ, ಮೇಲೆ ಬಟ್ಟೆ ಬಿಗಿದು, ಮನೆಗಳ ಗೋಡೆಗೆ ಕೂರಿಸುವುದು ನನ್ನ ಕೆಲಸ. ಮಂಚದ ಹಿಂದಿನ ಮೆತ್ತೆ ತಗ್ಗಾಗಿದೆ ಎಂದು ಟೀಚರಮ್ಮ ಒಬ್ಬರು ಫೋನ್ ಮಾಡಿದರು. ಕಳಪೆ ಮಾಲು ಹಾಕಿದ ಎಂಬ ಮಾತು ಬೇಡವೆಂದು ಮಧ್ಯಾಹ್ನವೇ ಓಡಿದೆ.

ತಲೆಯಷ್ಟು ಅಗಲದ ತಗ್ಗು. ಮುಟ್ಟಿದರೆ ಬೆಚ್ಚಗಿತ್ತು, ಈಗಷ್ಟೇ ಯಾರೋ ಒರಗಿದ್ದು ಎದ್ದುಹೋದ ಹಾಗೆ.

"ಈ ಕಡೆ ಮಲಗ್ತೀರಾ ಮೇಡಂ?"

"ಇಲ್ಲಪ್ಪ, ನಾನು ಬಾಗಿಲ ಕಡೆ. ಅದು ನಮ್ಮನೆಯವರ ಜಾಗ. ಅವರು ತೀರಿಕೊಂಡ ಮೇಲೇ ಅಲ್ವಾ ನಿಮ್ಮ ಹತ್ರ ಇದನ್ನ ಮಾಡಿಸಿದ್ದು?"

ನಾನು ಹೊಸ ಫೋಮ್ ಹಾಕಿ, ಹಳೆಯದನ್ನು ಮನೆಗೆ ತಂದೆ. ಒತ್ತಿದ ಫೋಮ್ ಬೆಳಗಾಗುವುದರೊಳಗೆ ಉಬ್ಬಲೇಬೇಕು. ಇದು ಉಬ್ಬಲಿಲ್ಲ, ತಣ್ಣಗಾಗಲೂ ಇಲ್ಲ.

ಕೆಲವು ದಿನಕ್ಕೆ ಅವರೇ ಮತ್ತೆ ಫೋನ್ ಮಾಡಿದರು. "ಹಳೇ ಫೋಮ್ ಇದ್ರೆ ತಂದ್ಕೊಡಿ. ರೂಮು ತುಂಬಾ ತಣ್ಣಗಾಗಿಬಿಟ್ಟಿದೆ."

ಕೊಂಡೊಯ್ದು ಚೀಲದಿಂದ ತೆಗೆದರೆ ಫೋಮ್ ಸಮತಟ್ಟಾಗಿತ್ತು, ಗೋಡೆಯಷ್ಟೇ ತಣ್ಣಗಿತ್ತು. ಅವರು ಅದರ ಮೇಲೆಲ್ಲ ಅಂಗೈ ಆಡಿಸಿ ಬಹಳ ಹೊತ್ತು ಹುಡುಕಿದರು.

"ಬೇರೇದು ತಂದ್ರಾ?"

"ಇಲ್ಲ ಮೇಡಂ, ಅದೇ."

ನನ್ನ ಮನೆಯಲ್ಲಿರುವುದು ನಾನೊಬ್ಬನೇ. ಊಟದ ಮೇಜಿನ ಎದುರು ಕುರ್ಚಿಯಲ್ಲಿ ಯಾರಾದರೂ ಕೂತು ವರ್ಷಗಳೇ ಆದವು. ಆ ಸಂಜೆ ಅದರ ದೂಳು ಒರೆಸಲು ಕೈಯಿಟ್ಟೆ. ಒರಗುವ ದಿಂಬಿನಲ್ಲಿ ತಲೆಯಷ್ಟು ಅಗಲದ ತಗ್ಗು, ಬೆಚ್ಚಗೆ.

ಟೀಚರಮ್ಮನಿಗೆ ಹೇಳಬೇಕು. ದಿನಾ ಊಟಕ್ಕೆ ಕೂತಾಗ ಫೋನ್ ಕೈಗೆತ್ತಿಕೊಳ್ಳುತ್ತೇನೆ. ಎದುರಿನ ಕುರ್ಚಿ ನೋಡುತ್ತೇನೆ, ಕೆಳಗಿಡುತ್ತೇನೆ.